ಮುಳ್ಳಿನ ಮರ, ಕಿತ್ತಳೆ ಬಣ್ಣದ ಹಣ್ಣು, ಬಾಯಿಗಿಟ್ಟರೆ ಬರೀ ಹುಳಿ: ಯಾವ ಜಾತಿ ಇದು?

ಬಾಣೆಯಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಕಡೆಯ ಕಾಫಿ ತೋಟ, ಸುಮಾರು 1000 ಮೀಟರ್ ಎತ್ತರ. ತೋಟದ ಕೆಳಗಿನ ಅಂಚಿನಲ್ಲಿ, ತೋಡಿನ ಪಕ್ಕ, ನಿಂಬೆ ಜಾತಿಯ ಹಾಗೆ ಕಾಣುವ ಮುಳ್ಳಿನ ಮರವೊಂದಿದೆ. ಇಲ್ಲಿ ಕೆಲಸ ಮಾಡುವವರು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದಾರೆ: ಕಾಡು ನಿಂಬೆ, ಕೈಪುಳಿ, ಹೇರಳೆ. ನೋಡಿ ಬರೆದುಕೊಂಡ ವಿವರ ಇಷ್ಟು:

ಎತ್ತರ 15 ಅಡಿ. ಬುಡದಲ್ಲೇ ಮೂರು ಕಾಂಡ, ಒಂದೊಂದೂ ತೊಡೆ ಗಾತ್ರ. ಎಲೆ ಸೇರುವ ಕಡೆ ಒಂದೊಂದೇ ನೇರ ಮುಳ್ಳು. ಮೇಲಿನ ಹಳೆ ಕೊಂಬೆಗಳಲ್ಲಿ ಅದು 1 ಸೆಂ.ಮೀ. ಕೂಡ ಇಲ್ಲ, ಬುಡದಿಂದ ನೇರ ಎದ್ದ ಚಿಗುರುಗಳಲ್ಲಿ 4 ಸೆಂ.ಮೀ. ತನಕ ಇದೆ. ಎಲೆ ಒಂಟಿ, 6ರಿಂದ 8 ಸೆಂ.ಮೀ. ಉದ್ದ. ಎಳೆ ಚಿಗುರಿಗೆ ನೇರಳೆ ಛಾಯೆ. ಹಣ್ಣು ಗುಂಡಗೆ, ತಲೆ ಬುಡ ಸ್ವಲ್ಪ ಚಪ್ಪಟೆ, 5 ಸೆಂ.ಮೀ. ಅಗಲ. ಈಗ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಹುಳಿ ಅಂದರೆ ಹಲ್ಲು ಜುಮ್ಮೆನ್ನುವಷ್ಟು.

ಇದು ಯಾವುದು? ಅಡುಗೆಗೆ ಬಳಸಬಹುದೇ? ಇದರ ಮೇಲೆ ಕೊಡಗಿನ ಕಿತ್ತಳೆ ಕಸಿ ಕಟ್ಟಬಹುದೇ, ಇಲ್ಲ ಕಡಿದು ಜಾಗ ಬಿಡಿಸುವುದೇ ಸರಿಯೇ?

ಕಾನುಮನೆ

ಮುಳ್ಳು ಒಂಟಿಯಾಗಿದ್ದು ಎಲೆಯೂ ಒಂಟಿ ಅಂದರೆ ಕಾಡು ನಿಂಬೆ ಇರಬೇಕು, ಅಟಲಾಂಟಿಯಾ. ಅಡವಿ ನಿಂಬೆ ಅಂತಲೂ ಕರೆಯುತ್ತಾರೆ. ತೋಡಿನ ಬದಿ, ಕಾಡಂಚು, ಕುರುಚಲು ಕಾಡು ಎಲ್ಲ ಕಡೆ ಬರುತ್ತದೆ. ಕಡಿಯಬೇಡಿ, ಚಿಟ್ಟೆಗಳಿಗೆ ಬಹಳ ಬೇಕಾದ ಗಿಡ.

ಎಲೆಗೆಣ್ಣು

ಕಾನುಮನೆಯವರೇ, ಕಡಿಯಬೇಡಿ ಅನ್ನುವ ಮಾತು ಒಪ್ಪಿದೆ, ಆದರೆ ಗುರುತು ಹೊಂದುತ್ತಿಲ್ಲ. ಅಟಲಾಂಟಿಯಾ ಹಣ್ಣು 2 ಸೆಂ.ಮೀ. ಆಸುಪಾಸು, ಹಸಿರಿನಿಂದ ಹಳದಿ ಛಾಯೆಗೆ ಬರುತ್ತದೆ. ಐದು ಸೆಂ.ಮೀ. ಅಗಲದ ಕಿತ್ತಳೆ ಬಣ್ಣದ ಹಣ್ಣು ಅದರಲ್ಲಿ ಬಿಡುವುದಿಲ್ಲ. ಇವರು ಹೇಳುತ್ತಿರುವುದು ನಿಜವಾದ ಸಿಟ್ರಸ್, ಅಂದರೆ ನಿಂಬೆ, ಕಿತ್ತಳೆಗಳ ಕುಲದ್ದು. ಯಾವ ಸಿಟ್ರಸ್ ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಬಾಣೆಯಂಚು ಅವರಿಗೆ: ಮುಳ್ಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸಿಟ್ರಸ್‌ನಲ್ಲಿ ಮುಳ್ಳು ಜಾತಿಗಿಂತ ವಯಸ್ಸನ್ನು ಹೇಳುತ್ತದೆ. ಬೀಜದಿಂದ ಹುಟ್ಟಿದ ಸಿಹಿ ಕಿತ್ತಳೆ ಸಸಿಗೂ ಮೊದಲ ಕೆಲವು ವರ್ಷ ಉದ್ದುದ್ದ ಮುಳ್ಳು ಇರುತ್ತದೆ. ಮರ ಹಣ್ಣು ಬಿಡುವ ವಯಸ್ಸಿಗೆ ಬಂದಂತೆ ಮೇಲಿನ ಕೊಂಬೆಗಳಲ್ಲಿ ಗಿಡ್ಡವಾಗಿ ಕೊನೆಗೆ ಇಲ್ಲವಾಗುತ್ತದೆ. ಬುಡದಿಂದ ಏಳುವ ರಭಸದ ಚಿಗುರು ಮಾತ್ರ ಮರಕ್ಕೆ ಎಷ್ಟೇ ವಯಸ್ಸಾದರೂ ಎಳೆ ಗಿಡದ ಗುಣವನ್ನೇ ತೋರಿಸುತ್ತದೆ. ಹಾಗಾಗಿ ನಾಲ್ಕು ಸೆಂ.ಮೀ. ಮುಳ್ಳು ನೋಡಿ ಕಾಡು ಜಾತಿ ಅಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಎಲೆ ನೋಡುವಾಗಲೂ ಆ ಚಿಗುರಿನದು ಬೇಡ, ಅದರ ಎಲೆಯ ಅಳತೆಯೂ ತೊಟ್ಟಿನ ಆಕಾರವೂ ದಾರಿ ತಪ್ಪಿಸುತ್ತವೆ. ಹಣ್ಣು ಬಿಟ್ಟ ಕೊಂಬೆಯಿಂದಲೇ ಬಲಿತ ಎಲೆ ಕೀಳಿ.

ಈಗ ಈ ಕ್ರಮದಲ್ಲಿ ನೋಡಿ.

ಮೊದಲು, ಎಲೆಗಳು ಕೊಂಬೆಯ ಮೇಲೆ ಒಂದಾದ ಮೇಲೊಂದು ಬದಲಿ ಬದಲಿಯಾಗಿ ಕೂತಿವೆಯೇ, ಎದುರುಬದುರು ಜೋಡಿಯಾಗಿ ಇವೆಯೇ? ಜೋಡಿಯಾಗಿದ್ದರೆ ಸಿಟ್ರಸ್ ಮಾತೇ ಬಿಡಿ. ಮಂಗರೆಯೂ ಮುಳ್ಳಿನ ಗಿಡವೇ, ಹಳದಿ ಕಾಯಿ ಬಿಟ್ಟು ದೂರದಿಂದ ಮೋಸ ಮಾಡುತ್ತದೆ. ಅದರ ಎಲೆ ಎದುರುಬದುರು, ಕಾಯಿ ವಾಂತಿ ಬರಿಸುತ್ತದೆ, ಮೀನು ಹಿಡಿಯಲು ವಿಷವಾಗಿ ಬಳಸುತ್ತಿದ್ದ ಕಾಯಿ ಅದು. ಆದ್ದರಿಂದಲೇ ಗುರುತು ಸಿಗದ ಹಣ್ಣನ್ನು ಬಾಯಿಗಿಡುವ ಮೊದಲು ಈ ಒಂದು ಪರೀಕ್ಷೆ ಆಗಲೇಬೇಕು.

ಆಮೇಲೆ ಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿಯಿರಿ. ಸೂಜಿಯಿಂದ ಚುಚ್ಚಿದ ಹಾಗೆ ಬೆಳಕಿನ ಚುಕ್ಕೆಗಳು ತುಂಬಿರಬೇಕು. ಅವು ಎಣ್ಣೆಯ ಗುಳ್ಳೆಗಳು. ಹಿಸುಕಿದಾಗ ಬರುವ ವಾಸನೆ ಅವುಗಳದ್ದೇ.

ಮೂರನೆಯದು ತೊಟ್ಟು, ಇದನ್ನು ನಿಧಾನವಾಗಿ ನೋಡಿ. ಎಲೆಯ ಅಲಗು ತೊಟ್ಟಿಗೆ ಸೇರುವ ಕಡೆ ಒಂದು ಸಣ್ಣ ಗೆಣ್ಣು, ಅಂದರೆ ಕೀಲಿನಂಥ ಗೆರೆ ಇದೆಯೇ? ಎಲೆಯನ್ನು ಹಿಂದಕ್ಕೆ ಮಡಚಿದರೆ ಸರಿಯಾಗಿ ಆ ಗೆರೆಯಲ್ಲೇ ಟಕ್ಕನೆ ಮುರಿಯಬೇಕು. ಬಹುತೇಕ ಸಿಟ್ರಸ್ ಎಲೆಗಳು ಹೀಗೇ ಮುರಿಯುತ್ತವೆ. ಮಾದಲದಲ್ಲಿ ಮಾತ್ರ ಗೆಣ್ಣಿಲ್ಲ, ತೊಟ್ಟು ಅಲಗಿನೊಳಕ್ಕೆ ಹಾಗೇ ಸೇರಿಹೋಗುತ್ತದೆ. ಗೆಣ್ಣಿದ್ದರೆ ತೊಟ್ಟಿನ ಎರಡು ಪಕ್ಕದ ರೆಕ್ಕೆ ನೋಡಿ. ಚಕ್ಕೋತದಲ್ಲಿ ಅದು ಹೃದಯದ ಆಕಾರದಲ್ಲಿ, ಇನ್ನೊಂದು ಪುಟ್ಟ ಎಲೆಯೇ ಅನ್ನುವಷ್ಟು ಅಗಲ. ಕಹಿ ಕಿತ್ತಳೆಯಲ್ಲಿ, ಅಂದರೆ ಕೊಡಗಿನಲ್ಲಿ ಕೈಪುಳಿ ಅನ್ನುವುದರಲ್ಲಿ, ಚಕ್ಕೋತದಷ್ಟಲ್ಲದಿದ್ದರೂ ಎದ್ದು ಕಾಣುವ ರೆಕ್ಕೆ. ಕಿತ್ತಳೆ, ಜಂಬೀರ, ರಂಗಪುರ ನಿಂಬೆ ಇವುಗಳಲ್ಲಿ ಬರೀ ಅಂಚು ಕಟ್ಟಿದ ಹಾಗೆ ಸಣ್ಣ ಗೆರೆ. ಎಲೆ ಮೂರು ತುಂಡಾಗಿದ್ದರೆ ಮೂರೆಲೆ ಕಿತ್ತಳೆ, ಇಲ್ಲವೇ ಅದರ ಅಡ್ಡತಳಿ. ನೀವು ಒಂಟಿ ಅಂದಿರುವುದರಿಂದ ಅದು ಹೊರಗೆ.

ಇನ್ನು ಮೊಗ್ಗು. ಅರಳುವ ಮೊದಲು ದಳದ ಹೊರಮೈ ಅಚ್ಚ ಬಿಳಿಯೋ, ನೇರಳೆ ತೊಳೆದ ಹಾಗಿದೆಯೋ?

ಕೊನೆಗೆ ಹಣ್ಣನ್ನು ಅಡ್ಡ ಕೊಯ್ಯಿರಿ. ತೊಳೆ ಎಷ್ಟು, ತಿರುಳಿನ ಬಣ್ಣ ಏನು, ನಡುವೆ ಟೊಳ್ಳಿದೆಯೇ, ಸಿಪ್ಪೆ ಎಷ್ಟು ದಪ್ಪ, ಸುಲಿದರೆ ಸಲೀಸಾಗಿ ಬರುತ್ತದೆಯೇ? ಹತ್ತು ಬೀಜ ತೊಳೆದು ಒರೆಸಿ. ಉಗುರಿನಿಂದ ಮೇಲಿನ ಬಿಳಿ ಸಿಪ್ಪೆ ತೆಗೆದರೆ ಒಳಗೆ ಕಂದು ಬಣ್ಣದ ತೆಳು ಪೊರೆ ಸಿಗುತ್ತದೆ. ಅದನ್ನೂ ಕೆರೆದು ಬೇಳೆಯ ಬಣ್ಣ ನೋಡಿ: ಹಾಲುಬಿಳಿಯೋ, ಪಿಸ್ತಾ ಹಸಿರೋ? ಬೇಳೆಯನ್ನು ಮೆಲ್ಲಗೆ ಅದುಮಿದರೆ ಒಂದೇ ಮೊಳಕೆ ಇದೆಯೋ, ಬೆಳ್ಳುಳ್ಳಿ ಎಸಳಿನ ಹಾಗೆ ದೊಡ್ಡದು ಚಿಕ್ಕದು ಸೇರಿ ಮೂರು ನಾಲ್ಕು ತುಂಡಾಗಿ ಬಿಡಿಸಿಕೊಳ್ಳುತ್ತದೆಯೋ?

ಇಷ್ಟು ತಿಳಿಸಿದರೆ ಹೆಸರು ಹೇಳಬಹುದು.

ಹುಳಿಸಾರು

ಹೆಸರಿನ ವಿಷಯಕ್ಕೆ ಒಂದು ಮಾತು. ಹೇರಳೆ, ಇಳ್ಳಿ, ಕಂಚಿ, ದೊಡ್ಲಿ, ಗಜನಿಂಬೆ ಇವೆಲ್ಲ ಒಂದೊಂದು ಸೀಮೆಯಲ್ಲಿ ಒಂದೊಂದು ಹಣ್ಣಿಗೆ ಅಂಟಿಕೊಂಡಿವೆ. ಒಂದೂರಿನ ಹೇರಳೆಯನ್ನು ಇನ್ನೊಂದೂರಿನವರು ಕಂಚಿ ಅನ್ನುತ್ತಾರೆ. ಉಪ್ಪಿನಕಾಯಿಗೆ ಆಗುವ ದೊಡ್ಡ ಹುಳಿ ಕಾಯಿ ಅನ್ನುವುದಷ್ಟೇ ಎಲ್ಲಕ್ಕೂ ಸಮಾನ. ಹಾಗಾಗಿ ಮೂರು ಜನ ಮೂರು ಹೆಸರು ಹೇಳಿದರೆ ಮೂವರೂ ತಪ್ಪು ಅಂತಲ್ಲ. ಅವರವರ ಊರಿನಲ್ಲಿ ಅದು ಸರಿಯೇ.

ವಿಜ್ಞಾನಿಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಅಮೆರಿಕದ ಸ್ವಿಂಗಲ್ ಸಿಟ್ರಸ್ ಕುಲದಲ್ಲಿ 16 ಪ್ರಭೇದ ಎಣಿಸಿದರೆ ಜಪಾನಿನ ತನಾಕಾ 162 ಎಣಿಸಿದರು. ಒಂದರೊಡನೊಂದು ಸುಲಭವಾಗಿ ಬೆರೆಯುವ ಕುಲ. ಬೆರೆತದ್ದು ಬೀಜದಿಂದಲೇ ತದ್ರೂಪಾಗಿ ಮುಂದುವರಿಯುತ್ತದೆ. ಗೆರೆ ಎಳೆಯುವುದು ಎಲ್ಲಿ?

ಬಾಣೆಯಂಚು

ಎಲೆಗೆಣ್ಣು ಸರ್, ಹೇಳಿದ ಹಾಗೆ ಹಣ್ಣು ಬಿಟ್ಟ ಕೊಂಬೆಯಿಂದಲೇ ನೋಡಿದೆ.

ಎಲೆ ಬದಲಿ ಬದಲಿ. ಬೆಳಕಿನ ಚುಕ್ಕೆ ತುಂಬ ಇವೆ. ಗೆಣ್ಣು ಸ್ಪಷ್ಟವಾಗಿದೆ, ಮಡಚಿದರೆ ಅಲ್ಲೇ ಮುರಿಯುತ್ತದೆ. ರೆಕ್ಕೆ ಇಲ್ಲವೆನ್ನುವಷ್ಟು ಸಣ್ಣ, ಒಂದು ಮಿಲಿಮೀಟರ್ ಇರಬಹುದು. ಒಂದೆರಡು ಹೂ ಇದ್ದವು. ದಳದ ಒಳಗೆ ಬಿಳಿ, ಮೊಗ್ಗಿನ ಹೊರಗೆ ನೇರಳೆ.

ಹಣ್ಣಿನಲ್ಲಿ 9 ತೊಳೆ, ಇನ್ನೊಂದರಲ್ಲಿ 10. ತಿರುಳು ಕಿತ್ತಳೆ ಬಣ್ಣ. ನಡುವೆ ಸಣ್ಣ ಟೊಳ್ಳು. ಸಿಪ್ಪೆ ತೆಳು, ಸ್ವಲ್ಪ ಪ್ರಯತ್ನದಿಂದ ಕೈಯಲ್ಲೇ ಸುಲಿಯಬಹುದು. ರಸ ತುಂಬ ಇದೆ, ಕಹಿ ಇಲ್ಲ. ಬೀಜ ಒಂದರಲ್ಲಿ 11, ಒಂದರಲ್ಲಿ 14. ಬೇಳೆ ತಿಳಿ ಹಸಿರು. ಅದುಮಿದರೆ ನೀವು ಹೇಳಿದ ಹಾಗೆಯೇ ಬೆಳ್ಳುಳ್ಳಿ ಎಸಳಿನಂತೆ ಬಿಡಿಸಿಕೊಂಡಿತು. ಒಂದು ಬೀಜದಲ್ಲಿ ನಾಲ್ಕು ತುಂಡು.

ಇನ್ನೊಂದು ವಿಷಯ. ಬೇಲಿಯ ಹೊರಗೆ, ಮೇಲಿನ ಒಣ ಬದಿಯಲ್ಲಿ, ಇನ್ನೊಂದು ಮುಳ್ಳಿನ ಗಿಡ ಸಿಕ್ಕಿತು. ಹತ್ತು ಅಡಿ ಇದೆ. ಎಲೆ ದಪ್ಪ, ಮೇಲೆ ಹೊಳಪು, ತುದಿಯಲ್ಲಿ ಕಚ್ಚು ಬಿದ್ದ ಹಾಗೆ ಸಣ್ಣ ಸೀಳು. ಕಾಯಿ ಗೋಲಿಗಿಂತ ಸ್ವಲ್ಪ ದೊಡ್ಡದು, ಹಸಿರು. ಎಲೆ ಹಿಸುಕಿದರೆ ನಿಂಬೆ ಜಾತಿಯ ವಾಸನೆ ಇದೆ, ಆದರೆ ಗೆಣ್ಣು ಕಾಣಲಿಲ್ಲ. ಇದೂ ಅದೇ ಜಾತಿಯ ಎಳೆ ಗಿಡವೇ?

ಎಲೆಗೆಣ್ಣು

ಬಹಳ ಚೆನ್ನಾಗಿ ನೋಡಿದ್ದೀರಿ. ತೋಡಿನ ಪಕ್ಕದ್ದು ರಂಗಪುರ ನಿಂಬೆ. ಯಾಕೆ ಅಂತ ಹೇಳುತ್ತೇನೆ.

ಸಿಟ್ರಸ್‌ನ ಮೂಲ ಪುರುಷರು ಮುಖ್ಯವಾಗಿ ಮೂರು: ಚಕ್ಕೋತ, ಮಾದಲ, ಕಿತ್ತಳೆ. ನಾವು ತಿನ್ನುವ ಬಹುಪಾಲು ಹಣ್ಣು ಇವುಗಳ ಬೆರಕೆ. ಬೇಳೆಯ ಹಸಿರು ಕಿತ್ತಳೆಯ ಕಡೆಯಿಂದ ಬರುವ ಗುಣ. ಚಕ್ಕೋತ, ಮಾದಲ, ಕಹಿ ಕಿತ್ತಳೆ ಇವುಗಳ ಬೇಳೆ ಬಿಳಿ. ಮೊಗ್ಗಿನ, ಚಿಗುರಿನ ನೇರಳೆ ಬಣ್ಣ ಮಾದಲದ ಕಡೆಯದ್ದು. ಕಿತ್ತಳೆ, ಚಕ್ಕೋತದ ಮೊಗ್ಗು ಬಿಳಿ. ನಿಮ್ಮ ಮರದಲ್ಲಿ ಎರಡೂ ಒಟ್ಟಿಗೆ ಇವೆ. ಹಸಿರು ಬೇಳೆ ಇರುವುದರಿಂದ ಕೈಪುಳಿ ಅಲ್ಲ, ನೇರಳೆ ಮೊಗ್ಗು ಇರುವುದರಿಂದ ಬೀಜದಿಂದ ಬಿದ್ದು ಹುಟ್ಟಿದ ಕೊಡಗಿನ ಕಿತ್ತಳೆಯೂ ಅಲ್ಲ. ಕಿತ್ತಳೆಗೂ ಮಾದಲಕ್ಕೂ ಹುಟ್ಟಿದ ಮಗುವೇ ಆಗಬೇಕು. ನಮ್ಮಲ್ಲಿ ಸಿಗುವ ಅಂಥ ಮಕ್ಕಳು ಎರಡು, ಜಂಬೀರ ಮತ್ತು ರಂಗಪುರ ನಿಂಬೆ. ಒಡಹುಟ್ಟಿದವು, ಹಾಗಾಗಿ ಬರೀ ಎಲೆ ನೋಡಿ ಇವೆರಡನ್ನು ಬೇರೆ ಮಾಡುವುದು ಕಷ್ಟ. ಹಣ್ಣು ಕೊಯ್ದರೆ ಅನುಮಾನ ಉಳಿಯುವುದಿಲ್ಲ. ಜಂಬೀರದ ಹಣ್ಣು ದೊಡ್ಡದು, ಹಳದಿ, ಮೈಯೆಲ್ಲ ಗಂಟುಗಂಟು, ತುದಿಯಲ್ಲಿ ಮೊಲೆತೊಟ್ಟಿನಂಥ ಉಬ್ಬು, ಸಿಪ್ಪೆ ದಪ್ಪ, ತಿರುಳು ಪೇಲವ ಹಳದಿ, ರಸ ಕಡಿಮೆ. ನಿಮ್ಮದು ಕಿತ್ತಳೆಯ ವೇಷ ಹಾಕಿದ ನಿಂಬೆ: ಬಣ್ಣ, ಆಕಾರ, ಸುಲಿಯುವ ಸಿಪ್ಪೆ ಎಲ್ಲ ಕಿತ್ತಳೆಯದ್ದು, ರಸ ಮಾತ್ರ ನಿಂಬೆಯದ್ದು.

ಹಣ್ಣಿನ ಬಣ್ಣದ ಬಗ್ಗೆ ಒಂದು ಎಚ್ಚರಿಕೆ, ಇದನ್ನು ಓದುವ ಕರಾವಳಿಯವರಿಗಾಗಿ. ಸಿಟ್ರಸ್ ಸಿಪ್ಪೆ ಹಸಿರು ಬಿಟ್ಟು ಬಣ್ಣ ತಿರುಗಲು ತಂಪು ರಾತ್ರಿ ಬೇಕು. ಸೋಮವಾರಪೇಟೆಯ ಚಳಿಗೆ ಕಡುಕಿತ್ತಳೆಯಾಗುವ ಹಣ್ಣು ಸೆಕೆಯ ಊರಿನಲ್ಲಿ ಪೂರ್ತಿ ಹಣ್ಣಾದರೂ ಹಸಿರು ಹಳದಿಯಲ್ಲೇ ನಿಂತಿರಬಹುದು. ಅಲ್ಲಿನವರು ತಿರುಳಿನ ಬಣ್ಣ ನೋಡಬೇಕು, ಸಿಪ್ಪೆಯದ್ದಲ್ಲ.

ಈಗ ಮುಖ್ಯ ವಿಷಯ. ರಂಗಪುರ ನಿಂಬೆ ಕೊಡಗಿನ ಕಾಡಿನ ಮರವಲ್ಲ. ಹೆಸರು ಈಗಿನ ಬಾಂಗ್ಲಾದೇಶದ ರಂಗಪುರದ್ದು. ಅದು ನಮ್ಮ ತೋಟಗಳಿಗೆ ಬಂದದ್ದು ಕಿತ್ತಳೆಗೆ ಬೇರುಸಸ್ಯವಾಗಿ, ಅಂದರೆ ಕಸಿಯಲ್ಲಿ ಬೇರು ಕೊಡುವ ಕೆಳಗಿನ ಗಿಡವಾಗಿ. ಮೇಲೆ ಕಸಿ ಕಟ್ಟಿದ ಕಿತ್ತಳೆ ಸತ್ತರೆ ಕೆಳಗಿನ ರಂಗಪುರ ಸಾಯುವುದಿಲ್ಲ, ಬುಡದಿಂದ ಚಿಗುರಿ ಮರವಾಗುತ್ತದೆ. ಬುಡದಲ್ಲೇ ಮೂರು ಕಾಂಡ ಅಂದಾಗಲೇ ಅನುಮಾನ ಬಂದಿತ್ತು. ಬೀಜದಿಂದ ಹುಟ್ಟಿದ ಮರಕ್ಕೆ ಸಾಮಾನ್ಯವಾಗಿ ಒಂದೇ ಕಾಂಡ. ಬುಡದ ಎಲೆಗೊಬ್ಬರ ಸರಿಸಿ ಮೂರು ಕಾಂಡಗಳ ನಡುವೆ ನೋಡಿ, ಕೊಳೆತ ಹಳೆ ಮೋಟು ಅಥವಾ ಅದು ಇದ್ದ ಗುಂಡಿ ಸಿಗಬೇಕು. ಆಮೇಲೆ ಆ ಮರದಿಂದ ನಾಲ್ಕೂ ದಿಕ್ಕಿಗೆ 18ರಿಂದ 20 ಅಡಿ ಅಳೆದು ಹುಡುಕಿ. ಹಳೆ ಕಿತ್ತಳೆ ಸಾಲಿನ ಅಂತರ ಅದು. ಇನ್ನೊಂದು ಮೋಟೋ ಮುಳ್ಳಿನ ಪೊದೆಯೋ ಅಷ್ಟೇ ದೂರದಲ್ಲಿ ಸಿಕ್ಕರೆ ವಿಷಯ ಖಚಿತ.

ಎರಡನೇ ಗಿಡ ಬೇರೆ ಜಾತಿ. ಅದನ್ನು ಕಾನುಮನೆಯವರಿಗೇ ಬಿಡುತ್ತೇನೆ, ಅವರು ಮೊದಲು ಹೇಳಿದ ಹೆಸರು ಅದಕ್ಕೆ ಸೇರಬೇಕಾದದ್ದು.

ಕಾನುಮನೆ

ನಿಜ, ಮೊದಲ ಮರದ ವಿಷಯದಲ್ಲಿ ಹಣ್ಣಿನ ಅಳತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬರೆದೆ. ತಿದ್ದಿದ್ದಕ್ಕೆ ಧನ್ಯವಾದ.

ಬೇಲಿಯ ಹೊರಗಿನದು ಕಾಡು ನಿಂಬೆಯೇ. ತುದಿಯಲ್ಲಿ ಕಚ್ಚು ಬಿದ್ದ ದಪ್ಪ ಎಲೆ, ಗಿಡ್ಡ ತೊಟ್ಟು, ರೆಕ್ಕೆಯೂ ಇಲ್ಲ ಗೆಣ್ಣೂ ಕಾಣದು, ಗೋಲಿಗಿಂತ ದೊಡ್ಡ ಕಾಯಿ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವವು ಎರಡು, ಅಟಲಾಂಟಿಯಾ ಮೊನೊಫಿಲ್ಲಾ ಮತ್ತು ಅಟಲಾಂಟಿಯಾ ರೆಸಿಮೋಸಾ. ಇವೆರಡರ ವ್ಯತ್ಯಾಸ ಹೂವಿನ ಕೆಳಗಿನ ಹಸಿರು ಬಟ್ಟಲಿನಲ್ಲಿದೆ. ಮೊನೊಫಿಲ್ಲಾದಲ್ಲಿ ಆ ಬಟ್ಟಲು ಅಡ್ಡಾದಿಡ್ಡಿ ಹರಿದಿರುತ್ತದೆ, ಒಂದು ಪಕ್ಕ ಬುಡದ ತನಕ ಸೀಳಿರುವುದೂ ಉಂಟು. ರೆಸಿಮೋಸಾದಲ್ಲಿ ನಾಲ್ಕೈದು ಸಮನಾದ ಹಲ್ಲು. ಅಕ್ಕಿಕಾಳಿನಷ್ಟೇ ಚಿಕ್ಕ ಭಾಗ, ಕೈಲೆನ್ಸ್ ಇದ್ದರೆ ಒಳ್ಳೆಯದು. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿದರೂ ಗೊತ್ತಾಗುತ್ತದೆ. ಕಾಯಿ ಮಾತ್ರ ಇರುವಾಗಲೂ ತೊಟ್ಟಿನ ಹತ್ತಿರ ಆ ಬಟ್ಟಲಿನ ಒಣ ಅಂಚು ಅಂಟಿಕೊಂಡಿರುತ್ತದೆ, ಅಲ್ಲಿ ನೋಡಿ.

ಕಾಯಿ ಅಡ್ಡ ಕೊಯ್ದರೆ ಕೆಲವೇ ಕೋಣೆ, ಪ್ರತಿ ಕೋಣೆಯನ್ನೂ ಬೀಜವೇ ತುಂಬಿಕೊಂಡಿರುತ್ತದೆ, ರಸದ ಎಸಳು ಹೆಸರಿಗಷ್ಟೇ. ಎಳೆ ಕಾಯಿಯ ಉಪ್ಪಿನಕಾಯಿ ಹಾಕುತ್ತಾರೆ. ಹಣ್ಣಿನ ಎಣ್ಣೆಯನ್ನು ಸಂದು ನೋವಿಗೆ ಹಚ್ಚುವ ರೂಢಿ ಹಳೆಯದು.

ಅಲ್ಲೇ ಸುತ್ತ ಹುಡುಕುವುದಾದರೆ ಇನ್ನೆರಡು ನೆಂಟರು ಸಿಗಬಹುದು. ಎಲೆ ಐದು ಏಳು ತುಂಡಾಗಿ, ನಡುವಿನ ಕಡ್ಡಿಗೂ ರೆಕ್ಕೆ ಇದ್ದರೆ ನಾಯಿಬೇಲ. ಮೂರು ತುಂಡಿನ ಎಲೆ, ಬಳ್ಳಿಯಾಗಿ ಮರ ಹತ್ತಿ, ಎಲೆಯ ನಡುನರದ ಅಡಿಯಲ್ಲೂ ಕೊಕ್ಕೆ ಮುಳ್ಳಿದ್ದರೆ ಟೊಡ್ಡಾಲಿಯಾ. ಅದನ್ನು ಕೆಲವೆಡೆ ಕಾಡುಮೆಣಸು ಅನ್ನುತ್ತಾರೆ, ನಿಜವಾದ ಕಾಡು ಕರಿಮೆಣಸಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

ಕಾಡು ನಿಂಬೆಯನ್ನು ದಯವಿಟ್ಟು ಬೇಲಿ ಸವರುವಾಗ ಉಳಿಸಿ. ನೀಲಿ ಮಾರ್ಮನ್ ಚಿಟ್ಟೆ ಮೊಟ್ಟೆ ಇಡುವ ಗಿಡಗಳಲ್ಲಿ ಇದೂ ಒಂದು. ಹಕ್ಕಿಯ ಹಿಕ್ಕೆ ಬಿದ್ದಿದೆ ಅನ್ನಿಸುವ ಕಂದು ಬಿಳಿ ಹುಳು ಎಲೆಯ ಮೇಲೆ ಅಲುಗಾಡದೆ ಕೂತಿದ್ದರೆ ಅದೇ ಮರಿ. ಬೆಳೆದಂತೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕವಲಿನ ಕೊಂಬು ಹೊರ ಚಾಚಿ ಘಾಟು ಬಿಡುತ್ತದೆ. ಔಷಧಿ ಹೊಡೆಯಬೇಡಿ, ಬಲಿತ ಗಿಡಕ್ಕೆ ಅದರಿಂದ ನಷ್ಟವಿಲ್ಲ.

ಬಾಣೆಯಂಚು

ಎಲೆಗೆಣ್ಣು ಸರ್, ನೀವು ಹೇಳಿದ ಹಾಗೇ ಇದೆ. ಮೂರು ಕಾಂಡಗಳ ನಡುವೆ ಕೊಳೆತ ಮೋಟು, ಕೈ ಹಾಕಿದರೆ ಪುಡಿಯಾಗುತ್ತದೆ. 19 ಅಡಿ ದೂರದಲ್ಲಿ, ಕಾಫಿ ಗಿಡಗಳ ನಡುವೆ, ಇನ್ನೊಂದು ಮುಳ್ಳಿನ ಪೊದೆ ಸಿಕ್ಕಿತು. ಅದೇ ನೇರಳೆ ಚಿಗುರು. ಅದರಾಚೆ ಇನ್ನೊಂದು ಮೋಟು, ಅದರಲ್ಲಿ ಚಿಗುರಿಲ್ಲ. ಅಂದರೆ ಇದು ಹಳೆ ಕಿತ್ತಳೆ ಸಾಲು.

ಹಾಗಾದರೆ ಇದೇ ಬೇರಿನ ಮೇಲೆ ಮತ್ತೆ ಕಿತ್ತಳೆ ಕಟ್ಟಬಹುದಲ್ಲವೇ?

ಕಸಿಚಾಕು

ಕಟ್ಟಬಹುದು. ಆದರೆ ಮೊದಲು, ಮೇಲಿನ ಕಿತ್ತಳೆ ಯಾಕೆ ಸತ್ತಿತು ಅಂತ ಕೇಳಿಕೊಳ್ಳಬೇಕು. ಬೇರು ಬದುಕಿದೆ ಅಂದ ಮಾತ್ರಕ್ಕೆ ರೋಗ ಹೋಗಿದೆ ಅಂತಲ್ಲ. ಎರಡು ರೋಗ ನೋಡಬೇಕು.

ಒಂದು ಗ್ರೀನಿಂಗ್, ಸಿಲ್ಲಾ ಎಂಬ ಸಣ್ಣ ಜಿಗಿಯುವ ಹುಳು ಹರಡುವ ಬ್ಯಾಕ್ಟೀರಿಯಾ ರೋಗ. ಎಲೆಯಲ್ಲಿ ಹಳದಿ ಮಚ್ಚೆ ಬರುತ್ತದೆ. ಸತುವಿನ ಕೊರತೆಯಲ್ಲೂ ಹಳದಿ ಬರುತ್ತದೆ, ಅಲ್ಲೇ ಎಲ್ಲರೂ ಎಡವುವುದು. ಬೇರ್ಪಡಿಸುವ ಉಪಾಯ ಸುಲಭ: ಎಲೆಯ ನಡುನರದ ಎಡಕ್ಕೂ ಬಲಕ್ಕೂ ಒಂದೇ ಎತ್ತರದಲ್ಲಿ ಪೆನ್ನಿನಿಂದ ಒಂದೊಂದು ಸುತ್ತು ಹಾಕಿ. ಎರಡು ಸುತ್ತಿನೊಳಗೂ ಬಣ್ಣ ಒಂದೇ ತೆರನಾಗಿದ್ದರೆ ಅದು ಹೆಚ್ಚಾಗಿ ಪೋಷಕಾಂಶದ ಕೊರತೆ, ಯಾಕೆಂದರೆ ಕೊರತೆ ಎರಡೂ ಪಕ್ಕ ಸಮನಾಗಿ ಕಾಣುತ್ತದೆ. ಒಂದರಲ್ಲಿ ಹಸಿರು ಇನ್ನೊಂದರಲ್ಲಿ ಹಳದಿ ಇದ್ದು, ಹತ್ತು ಎಲೆ ನೋಡಿದರೂ ಹೀಗೇ ಇದ್ದರೆ ಗ್ರೀನಿಂಗ್ ಅನುಮಾನ ಬಲವಾಗುತ್ತದೆ. ಹಣ್ಣು ಒಂದು ಪಕ್ಕ ವಾಲಿ, ಒಳಗೆ ಬೀಜ ಕಪ್ಪಾಗಿ ಜೊಳ್ಳಾಗಿದ್ದರೆ ಇನ್ನೂ ಬಲ. ಈ ರೋಗ ಇದ್ದ ಮರದ ಮೇಲೆ ಕಸಿ ಕಟ್ಟಿದರೆ ಕಣ್ಣು (ಕಸಿಗೆಂದು ಕೂರಿಸುವ ಮೊಗ್ಗು) ಹತ್ತುತ್ತದೆ, ಮೂರ್ನಾಲ್ಕು ವರ್ಷದಲ್ಲಿ ಮತ್ತೆ ಅದೇ ಕಥೆ. ಅಂಥದ್ದನ್ನು ಬೇರು ಸಮೇತ ತೆಗೆಯುವುದೇ ದಾರಿ.

ಇನ್ನೊಂದು ಬುಡ ಕೊಳೆ. ನೆಲಮಟ್ಟದ ತೊಗಟೆಯನ್ನು ಚಾಕುವಿನಿಂದ ಉಗುರಿನಗಲ ಕೆರೆಯಿರಿ. ಒಳಗೆ ಕೆನೆಬಿಳಿ ಇದ್ದರೆ ಆರೋಗ್ಯ, ಕಂದು ಬಣ್ಣಕ್ಕೆ ತಿರುಗಿ ಅಂಟು ಸುರಿಯುತ್ತಿದ್ದರೆ ಫೈಟಾಫ್ತೊರಾ, ಬುಡ ಕೊಳೆ ತರುವ ಶಿಲೀಂಧ್ರದಂಥ ರೋಗಾಣು. ತೋಡಿನ ಪಕ್ಕ, ಮಳೆಗಾಲದಲ್ಲಿ ನೀರು ನಿಲ್ಲುವ ಜಾಗವಾದರೆ ಇದರ ಸಾಧ್ಯತೆ ಹೆಚ್ಚು. ಕೊಳೆತ ತೊಗಟೆಯನ್ನು ಗಟ್ಟಿ ತೊಗಟೆ ಸಿಗುವ ತನಕ ಕೆತ್ತಿ ಬೋರ್ಡೋ ಮುಲಾಮು ಹಚ್ಚಬೇಕು. 1 ಕೆ.ಜಿ. ಮೈಲುತುತ್ತ 5 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಟ್ಟ ಸುಣ್ಣ ಇನ್ನೊಂದು 5 ಲೀಟರ್ ನೀರಿನಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ಸುಣ್ಣ ಆರಿದ ಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ತಿರುಗಾಮುರುಗಾ ಮಾಡಬೇಡಿ. ಸ್ವಚ್ಛವಾದ ಕಬ್ಬಿಣದ ಚಾಕನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಅಂತ ಅರ್ಥ, ಇನ್ನಷ್ಟು ಸೇರಿಸಿ. ಕಲೆಸಿದ ದಿನವೇ ಬಳಸಿ ಮುಗಿಸಬೇಕು, ಮರುದಿನಕ್ಕೆ ಹಿಡಿಯುವ ಗುಣ ಹೋಗುತ್ತದೆ.

ಎರಡೂ ಇಲ್ಲದಿದ್ದರೆ ಮುಂದಿನ ಕೆಲಸ ಹೀಗೆ.

ಮೂರು ಕಾಂಡಗಳಲ್ಲಿ ನೆಟ್ಟಗಿರುವ ಒಂದನ್ನು ಆರಿಸಿ, ಫೆಬ್ರವರಿಯಲ್ಲಿ ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಓರೆಯಾಗಿ ಕೊಯ್ಯಿರಿ. ಕೊಯ್ದ ಮುಖಕ್ಕೆ ಅದೇ ಮುಲಾಮು, ಬಿಸಿಲು ಬೀಳುವ ಕಾಂಡಕ್ಕೆ ತೆಳು ಸುಣ್ಣ. ಉಳಿದ ಎರಡರಲ್ಲಿ ಒಂದನ್ನು ತೆಗೆದುಬಿಡಿ, ಇನ್ನೊಂದನ್ನು ಹಾಗೇ ಇಡಿ. ಎಲ್ಲವನ್ನೂ ಒಂದೇ ದಿನ ಕಡಿದರೆ ಎಲೆ ಇಲ್ಲದೆ ಬೇರು ಉಪವಾಸ ಬೀಳುತ್ತದೆ. ಹೂಮಳೆಗೆ ಕೊಯ್ದ ಕಾಂಡದ ಸುತ್ತ ಚಿಗುರು ಸಾಲುಗಟ್ಟಿ ಬರುತ್ತದೆ. ಬೇರೆ ಬೇರೆ ದಿಕ್ಕಿನ ನಾಲ್ಕನ್ನು ಉಳಿಸಿ ಮಿಕ್ಕದ್ದು ಮುರಿಯಿರಿ. ಮಳೆ ಇಳಿಯುವ ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಅವು ಪೆನ್ಸಿಲ್ ದಪ್ಪ ಆಗಿ ತೊಗಟೆ ಸಲೀಸಾಗಿ ಬಿಡುತ್ತದೆ. ಆಗ ಕಣ್ಣು ಕಟ್ಟುವುದು.

ಕಣ್ಣಿನ ಕಡ್ಡಿ ನಂಬಿಕೆಯ ಮರದ್ದೇ ಆಗಿರಲಿ. ವರ್ಷ ವರ್ಷ ಬಿಡುತ್ತಿರುವ, ರೋಗದ ಗುರುತಿಲ್ಲದ ಮರ ಬೇಕು. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ವಿಚಾರಿಸಿ ತರುವುದು ಒಳ್ಳೆಯದು. ದುಂಡಗಿನ ಕಡ್ಡಿ ಆರಿಸಿ, ಮೂಲೆ ಮೂಲೆಯಾಗಿರುವ ಎಳೆ ಕಡ್ಡಿ ಬೇಡ. ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಅಂದೇ ಕಟ್ಟಿ.

ಮಳೆಯ ಊರಿಗೆ ತಲೆಕೆಳಗಾದ ಟಿ ಸೀಳು ಉತ್ತಮ, ನೀರು ಒಳಗೆ ಇಳಿಯದೆ ಜಾರಿಹೋಗುತ್ತದೆ. ಉದ್ದ ಸೀಳು 3 ಸೆಂ.ಮೀ., ಅದರ ಕೆಳತುದಿಯಲ್ಲಿ 1 ಸೆಂ.ಮೀ. ಅಡ್ಡ ಸೀಳು. ಕಣ್ಣನ್ನು ಎರಡೂವರೆ ಸೆಂ.ಮೀ. ಉದ್ದದ ಗುರಾಣಿ ಆಕಾರದಲ್ಲಿ ತೆಗೆದು, ಬೆರಳು ಒಳಮೈಗೆ ತಾಗದ ಹಾಗೆ ತೊಟ್ಟು ಹಿಡಿದು, ಕೆಳಗಿನಿಂದ ಮೇಲಕ್ಕೆ ತಳ್ಳಿ. ಕಣ್ಣಿನ ಮುಖ ಮಾತ್ರ ಮೇಲಕ್ಕೇ ಇರಬೇಕು. ಅವಸರದಲ್ಲಿ ತಲೆಕೆಳಗೆ ಕೂರಿಸಿದರೆ ಚಿಗುರು ಸೊಟ್ಟಗೆ ಬರುತ್ತದೆ. ಒಂದು ಸೆಂ.ಮೀ. ಅಗಲದ ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಸುತ್ತುತ್ತಾ ಬಂದರೆ ಹೆಂಚಿನ ಹಾಗೆ ಒಂದರ ಮೇಲೊಂದು ಕೂತು ನೀರು ತಡೆಯುತ್ತದೆ. ಮೂರು ವಾರಕ್ಕೆ ಬಿಚ್ಚಿ ನೋಡಿ. ಕಣ್ಣು ಹಸಿರಾಗಿದ್ದು ತೊಟ್ಟು ಮುಟ್ಟಿದರೆ ಉದುರಿದರೆ ಹತ್ತಿದೆ. ತೊಟ್ಟು ಒಣಗಿ ಅಂಟಿಕೊಂಡು ಕಣ್ಣು ಕಂದಾಗಿದ್ದರೆ ಹೋಯಿತು, ಅದೇ ಚಿಗುರಿನ ಹಿಂಬದಿಯಲ್ಲಿ ಮತ್ತೊಂದು ಕಟ್ಟಿ. ಹತ್ತಿದ ಮೇಲೆ ಚಿಗುರಿನ ತುದಿಯನ್ನು ಕಣ್ಣಿಗಿಂತ ಒಂದು ಗೇಣು ಮೇಲೆ ಅರ್ಧ ಸೀಳಿ ಬಗ್ಗಿಸಿ. ಹೊಸ ಚಿಗುರು ಒಂದು ಅಡಿ ಬಂದ ಮೇಲೆ ಪೂರ್ತಿ ಕತ್ತರಿಸಿ, ಬಿಟ್ಟುಕೊಂಡಿದ್ದ ಇನ್ನೊಂದು ಕಾಂಡವನ್ನೂ ಆಗ ತೆಗೆಯಿರಿ.

ಇಷ್ಟಾದ ಮೇಲೂ ಬುಡದಿಂದ ನೇರಳೆ ಚಿಗುರು ಏಳುತ್ತಲೇ ಇರುತ್ತದೆ. ಎಳೆಯದಿದ್ದಾಗಲೇ ಕೈಯಿಂದ ಕಿತ್ತು ಹಾಕಿ. ಕತ್ತರಿಯಿಂದ ಕತ್ತರಿಸಿದರೆ ಬುಡದ ಕಣ್ಣು ಉಳಿದು ಒಂದಿದ್ದದ್ದು ನಾಲ್ಕಾಗುತ್ತದೆ. ನಿಮ್ಮ ಹಳೆ ಸಾಲಿನಲ್ಲಿ ಕಿತ್ತಳೆ ಸೊರಗಲು ಇದೂ ಕಾರಣವಾಗಿರಬಹುದು: ಕೆಳಗಿನ ಚಿಗುರು ಮೇಲಿನದಕ್ಕಿಂತ ಬೇಗ ಬೆಳೆದು ನೆರಳು ಕವಿಯುತ್ತದೆ.

ಎಲೆಗೆಣ್ಣು

ಕಸಿಚಾಕು ಅವರ ಮಾತಿಗೆ ಒಂದು ಸೇರಿಕೆ. ಹಳೆ ಬೇರಿನಲ್ಲಿ ರೋಗದ ಅನುಮಾನ ಸ್ವಲ್ಪವಿದ್ದರೂ ಹೊಸ ಸಸಿ ಮಾಡುವುದೇ ಮೇಲು, ಬೀಜ ನಿಮ್ಮ ಕೈಯಲ್ಲೇ ಇದೆ. ಬೀಜದೊಳಗೆ ನಾಲ್ಕು ತುಂಡು ಕಂಡಿರಲ್ಲ, ಅವುಗಳಲ್ಲಿ ಹೆಚ್ಚಿನವು ತಾಯಿಮರದ ತದ್ರೂಪು. ರಂಗಪುರ ನಿಂಬೆ ಬೇರುಸಸ್ಯವಾಗಿ ಇಷ್ಟು ಹರಡಲು ಇದೂ ಕಾರಣ, ನೂರು ಬೀಜ ಹಾಕಿದರೆ ಹೆಚ್ಚುಕಡಿಮೆ ಒಂದೇ ತೆರನಾದ ಸಸಿ. ಬರ ತಡೆಯುತ್ತದೆ, ಟ್ರಿಸ್ಟೆಜಾ ವೈರಸ್ಸನ್ನೂ ಸಹಿಸಿಕೊಳ್ಳುತ್ತದೆ.

ಬೀಜವನ್ನು ಬಿಸಿಲಿಗೆ ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ಸತ್ತುಹೋಗುತ್ತದೆ. ಲೋಳೆ ಹೋಗುವ ತನಕ ತೊಳೆದು, 52 ಡಿಗ್ರಿ ಬಿಸಿ ನೀರಿನಲ್ಲಿ 10 ನಿಮಿಷ ಇಟ್ಟು, ನೆರಳಿನಲ್ಲಿ ಮೇಲ್ಮೈ ಆರಿಸಿ, ಆ ವಾರವೇ 1 ಸೆಂ.ಮೀ. ಆಳಕ್ಕೆ ಹಾಕಿ. ಬಿಸಿ ನೀರು ಬೀಜದ ಮೇಲಿನ ಫೈಟಾಫ್ತೊರಾ ಕೊಲ್ಲಲು. ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ಮಾಡಬೇಡಿ, ನೀರು ಹೆಚ್ಚು ಕಾದರೆ ಬೀಜವೂ ಬೇಯುತ್ತದೆ. ಸಸಿ ಗೇಣುದ್ದ ಆದಾಗ ತೀರಾ ಕುಳ್ಳ, ತೀರಾ ಎತ್ತರ, ಎಲೆ ಬೇರೆ ಆಕಾರದವು ಕಂಡರೆ ಕಿತ್ತು ಹಾಕಿ, ಅವು ಪರಾಗ ಬೆರೆತು ಹುಟ್ಟಿದವು. ಪೆನ್ಸಿಲ್ ದಪ್ಪ ಆದ ಮೇಲೆ ನೆಲದಿಂದ 20ರಿಂದ 25 ಸೆಂ.ಮೀ. ಎತ್ತರದಲ್ಲಿ ಕಣ್ಣು ಕಟ್ಟಿ. ನೆಡುವಾಗ ಆ ಕಸಿಗಂಟು ಮಣ್ಣಿಗೆ ತಾಗಬಾರದು, ಮುಂದೆ ಎಲೆಗೊಬ್ಬರವನ್ನೂ ಕಾಂಡಕ್ಕೆ ಒತ್ತಿ ಹಾಕಬಾರದು. ಗಂಟು ಮಣ್ಣಲ್ಲಿ ಹೂತರೆ ಬುಡ ಕೊಳೆಗೆ ಸುಲಭವಾಗಿ ತುತ್ತಾಗುವ ಕಿತ್ತಳೆಯ ತೊಗಟೆಗೆ ನೇರವಾಗಿ ಮಣ್ಣು ತಾಗುತ್ತದೆ.

ಹುಳಿಸಾರು

ಎರಡನೇ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಬರೆದಿಲ್ಲ. ಧಾರಾಳವಾಗಿ ಅಡುಗೆಗೆ ಬಳಸಿ. ಚಿತ್ರಾನ್ನ, ಸಾರು, ಪಾನಕ ಎಲ್ಲಕ್ಕೂ ನಿಂಬೆಯ ಬದಲು ನಡೆಯುತ್ತದೆ, ಕಿತ್ತಳೆ ಸಿಪ್ಪೆಯ ಪರಿಮಳವೂ ಸಿಗುತ್ತದೆ. ಒಲೆಯಿಂದ ಇಳಿಸಿದ ಮೇಲೆಯೇ ಹಿಂಡಿ, ಕುದಿಸಿದರೆ ಪರಿಮಳ ಹಾರಿ ಕಹಿ ಉಳಿಯುತ್ತದೆ. ಬೀಜ ಜಜ್ಜಿಹೋಗದ ಹಾಗೆ ಸೋಸಿ.

ಉಪ್ಪಿನಕಾಯಿಗೆ ಬಣ್ಣ ತಿರುಗಲು ಶುರುವಾದ, ಇನ್ನೂ ಗಟ್ಟಿ ಇರುವ ಹಣ್ಣು ಆರಿಸಿ. ಪೂರ್ತಿ ಹಣ್ಣಾದ ಮೇಲೆ ಸಿಪ್ಪೆ ಸಡಿಲವಾಗಿ ಹೋಳು ಬಿಚ್ಚಿಕೊಳ್ಳುತ್ತದೆ. ತೊಳೆದು, ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಪೂರ್ತಿ ಆರಿದ ಮೇಲೆ ಹೆಚ್ಚಿ ಬೀಜ ತೆಗೆಯಿರಿ. 1 ಕೆ.ಜಿ. ಹೋಳಿಗೆ 200 ಗ್ರಾಂ ಕಲ್ಲುಪ್ಪು, ಭರಣಿಯಲ್ಲಿ ಮೂರು ವಾರ, ದಿನಕ್ಕೊಮ್ಮೆ ಒಣ ಸೌಟಿನಿಂದ ತಿರುವಿ ಹಾಕಿ. ಸಿಪ್ಪೆ ಉಗುರಿಗೆ ಮೆತ್ತಗಾದ ಮೇಲೆ ಖಾರ ಬೆರೆಸಿ. ಉಪ್ಪು ಕಡಿಮೆ ಮಾಡಿದರೆ, ಇಲ್ಲವೇ ಹೋಳಿನಲ್ಲಿ ನೀರಿನ ಪಸೆ ಉಳಿದರೆ, ಮೇಲೆ ಬಿಳಿ ಬೂಸು ಕಟ್ಟುತ್ತದೆ. ತೆಗೆದ ಬೀಜ ಎಸೆಯಬೇಡಿ, ಮೇಲೆ ಹೇಳಿದ ಸಸಿಗೆ ಅದೇ ಬೀಜ.